ಸಿಟ್ಟು ಬರುತ್ತದೆ, ಯೋಚನೆ ಮಾಡುತ್ತೇವೆ

ನಾವು ದಿನಾ ಆಡುವ ಕನ್ನಡದಲ್ಲೇ ಒಂದು ತಮಾಷೆ ಇದೆ, ಗಮನಿಸಿ. ಯೋಚನೆ ನಾವು ಮಾಡುತ್ತೇವೆ. ಲೆಕ್ಕ ನಾವು ಹಾಕುತ್ತೇವೆ. ಆದರೆ ಸಿಟ್ಟು ನಮಗೆ ಬರುತ್ತದೆ. ಹೆದರಿಕೆ ನಮಗೆ ಆಗುತ್ತದೆ. ಅಳು ಬರುತ್ತದೆ, ನಗು ಬರುತ್ತದೆ, ಬೇಜಾರಾಗುತ್ತದೆ. ‘ನಾನು ಸಿಟ್ಟು ಮಾಡಿಕೊಂಡೆ’ ಅನ್ನುವುದೂ ಉಂಟು. ಆದರೆ ಅದನ್ನು ಹೇಳುವುದು ಹೆಚ್ಚಾಗಿ ಆಮೇಲೆ, ತಪ್ಪೊಪ್ಪಿಕೊಳ್ಳುವಾಗ. ಸಿಟ್ಟಿನ ಹೊತ್ತಿನಲ್ಲಂತೂ ಅದು ಕರೆಯದೇ ಬಂದ ನೆಂಟ.

ಲ್ಯಾಟಿನ್ನಿನ ‘ಪಾಸಿಯೋ’ ಅನ್ನುವ ಪದದಲ್ಲೂ ಇದೇ ಅರ್ಥವಿದೆ. ನಾವು ಮಾಡಿದ್ದಲ್ಲ, ನಮಗೆ ಆದದ್ದು; ನಾವು ತಾಳಿಕೊಂಡದ್ದು. ಇಂಗ್ಲಿಷಿನ ‘ಪ್ಯಾಶನ್’ ಬಂದದ್ದು ಅಲ್ಲಿಂದ. ಈಗ ನಾವು ‘ಟ್ರೆಕ್ಕಿಂಗ್ ನನ್ನ ಪ್ಯಾಶನ್’ ಅಂತ ಎದೆ ತಟ್ಟಿ ಹೇಳುತ್ತೇವಲ್ಲ, ಅದು ಹೆಚ್ಚುಕಡಿಮೆ ಉಲ್ಟಾ ಅರ್ಥ. ಆಸ್ಪತ್ರೆಯ ‘ಪೇಶೆಂಟ್’ ಕೂಡ ಅದೇ ಬೇರಿನ ಪದ. ಇದನ್ನು ನೆನಪಿಟ್ಟುಕೊಳ್ಳಿ. ಮುಂದೆ ಬರುವ ಕಥೆಯಲ್ಲಿ ಕಾಯಿಲೆಗಳು ಜಾಸ್ತಿ.

ಹಳೇ ಕಾಲದ ಚಿತ್ರ ಸರಳವಾಗಿತ್ತು. ಬುದ್ಧಿ ಸಾರಥಿ, ಭಾವಗಳು ಕುದುರೆ, ಲಗಾಮು ಬಿಗಿಯಾಗಿ ಹಿಡಿದರಾಯಿತು. ಪ್ಲೇಟೋ ಹೇಳಿದ್ದು ಹೀಗೆ. ಕಠೋಪನಿಷತ್ತಿನ ರಥ ಗೊತ್ತಿರುವ ನಮಗೂ ಇದು ಹೊಸದಲ್ಲ. ರೋಮಿನ ಸೆನೆಕಾನಂಥ ಸ್ಟೋಯಿಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಭಾವ ಅಂದರೆ ತಪ್ಪು ತೀರ್ಮಾನ, ತೀರ್ಮಾನ ಸರಿಪಡಿಸಿದರೆ ಭಾವವೇ ಇರುವುದಿಲ್ಲ ಅಂದರು. 17ನೇ ಶತಮಾನದ ಯೂರೋಪಿನಲ್ಲಿ ಈ ಚಿತ್ರ ಅಲುಗಾಡತೊಡಗಿತು. ಅದನ್ನು ಜೋರಾಗಿ ಅಲ್ಲಾಡಿಸಿದವರಲ್ಲಿ ಒಬ್ಬಳು ಒಂದೂ ಪುಸ್ತಕ ಬರೆಯದ ರಾಜಕುಮಾರಿ.

ಆಕೆಯ ಹೆಸರು ಎಲಿಜಬೆತ್. ಅಪ್ಪ ಫ್ರೆಡ್ರಿಕ್ ಈಗಿನ ಚೆಕ್ ದೇಶದಲ್ಲಿರುವ ಬೊಹೀಮಿಯಾಕ್ಕೆ ರಾಜನಾಗಿದ್ದು ಬರೀ ಒಂದು ಚಳಿಗಾಲ. 1620ರ ಯುದ್ಧದಲ್ಲಿ ಸೋತು ಎಲ್ಲ ಕಳೆದುಕೊಂಡ. ಸಂಸಾರ ಹಾಲೆಂಡಿನ ಹೇಗ್ ನಗರಕ್ಕೆ ಬಂತು. ಎಲಿಜಬೆತ್ ಬೆಳೆದದ್ದು ಹೀಗೆ: ರಾಜಮನೆತನದ ಹೆಸರು, ಸಾಲದ ಮನೆ, ದಿನಾ ಒಂದಲ್ಲ ಒಂದು ಕೆಟ್ಟ ಸುದ್ದಿ. 1643ರ ಮೇ ತಿಂಗಳಲ್ಲಿ, 24ನೇ ವಯಸ್ಸಿನಲ್ಲಿ, ಆಕೆ ಫ್ರೆಂಚ್ ತತ್ವಜ್ಞಾನಿ ರೆನೆ ಡೆಕಾರ್ಟ್‌ಗೆ ಒಂದು ಕಾಗದ ಬರೆದಳು. ಆಗಲೇ ಯೂರೋಪಿನಲ್ಲೆಲ್ಲ ಹೆಸರಾಗಿದ್ದ ಡೆಕಾರ್ಟ್, ಮನಸ್ಸು ಬೇರೆ ದೇಹ ಬೇರೆ ಅಂತ ಗೆರೆ ಎಳೆದಿದ್ದ. ದೇಹ ಜಾಗ ಹಿಡಿಯುವ ಯಂತ್ರ, ಮನಸ್ಸು ಜಾಗವನ್ನೇ ಹಿಡಿಯದ ಯೋಚಿಸುವ ವಸ್ತು. ಎಲಿಜಬೆತ್ ಕೇಳಿದ್ದರ ಸಾರ ಇಷ್ಟೇ: ಜಾಗವನ್ನೇ ಹಿಡಿಯದ ಮನಸ್ಸು ದೇಹವನ್ನು ತಳ್ಳೋದು ಹೇಗೆ? ತಳ್ಳಬೇಕಾದರೆ ಮುಟ್ಟಬೇಕಲ್ವಾ?

ಡೆಕಾರ್ಟ್ ಉತ್ತರ ಕೊಟ್ಟ. ಆಕೆಗೆ ಸಮಾಧಾನ ಆಗಲಿಲ್ಲ. ನನಗೂ ಆಗಿಲ್ಲ. ಆ ಜಗಳ ಇವತ್ತಿಗೂ ಮುಗಿದಿಲ್ಲ, ಬಿಡಿ. ನಮ್ಮ ಕಥೆ ಎರಡು ವರ್ಷದ ನಂತರದ್ದು.

1645ರಲ್ಲಿ ಎಲಿಜಬೆತ್‌ಗೆ ಕಾಯಿಲೆಯಾಯಿತು. ವಾರಗಟ್ಟಲೆ ಬಿಡದ ಸಣ್ಣ ಜ್ವರ, ಒಣ ಕೆಮ್ಮು. ಸುದ್ದಿ ಕೇಳಿದ ಡೆಕಾರ್ಟ್ ಇದಕ್ಕೆ ಕಾರಣ ದುಃಖ ಅಂತ ಬರೆದ. ತನಗೂ ಅಮ್ಮನಿಂದ ಒಣ ಕೆಮ್ಮು ಬಂದಿತ್ತು, ಈ ಹುಡುಗ ಉಳಿಯೋಲ್ಲ ಅಂತ ವೈದ್ಯರು ಹೇಳುತ್ತಿದ್ದರು, ಯಾವುದನ್ನೂ ಅದರ ಒಳ್ಳೇ ಮಗ್ಗುಲಿನಿಂದ ನೋಡುವ ಅಭ್ಯಾಸದಿಂದ ವಾಸಿಯಾಯಿತು ಅಂದ. ಕಾಡಿನ ಹಸಿರು, ಹೂವಿನ ಬಣ್ಣ, ಹಕ್ಕಿ ಹಾರುವುದು, ಇವನ್ನು ಸುಮ್ನೆ ನೋಡುತ್ತಾ ಇರಿ ಅಂತಲೂ ಹೇಳಿದ. ಎಲಿಜಬೆತ್ ನಯವಾಗಿಯೇ ಉತ್ತರಿಸಿದಳು. ಕೆಟ್ಟ ಸುದ್ದಿ ಬರುವುದು ಮನೆಯವರ ಮಾತಿನಲ್ಲಿ, ಅವರ ಕಾಗದಗಳಲ್ಲಿ. ಓದದೇ ಇದ್ದರೆ ಕರ್ತವ್ಯ ತಪ್ಪಿದಂತೆ. ಹಾಗಿರುವಾಗ ಮನಸ್ಸನ್ನು ಅತ್ತ ತಿರುಗಿಸೋದು ಹೇಗೆ? ಮನೆಯಲ್ಲಿ ಕಷ್ಟ ಇದ್ದಾಗ ‘ಪಾಸಿಟಿವ್ ಆಗಿರಿ’ ಅಂತ ಉಪದೇಶ ಕೇಳಿದವರಿಗೆ ಈ ಉತ್ತರ ಅರ್ಥವಾಗುತ್ತದೆ.

ಮುಂದಿನ ಮದ್ದಾಗಿ ಡೆಕಾರ್ಟ್ ಸೆನೆಕಾನ ಪುಸ್ತಕ ಓದೋಣ ಅಂದ. ಸುಖದ ಬದುಕಿನ ಬಗ್ಗೆ ಇದ್ದ ಪುಸ್ತಕ. ಆಮೇಲೆ ಓದಿ ನೋಡಿದಾಗ ಅವನಿಗೇ ಅದು ಅಷ್ಟು ಹಿಡಿಸಲಿಲ್ಲ. ಎಲಿಜಬೆತ್‌ಗೂ ಅಷ್ಟೇ, ಮಾತು ಚೆಂದ, ಕ್ರಮ ಇಲ್ಲ ಅನ್ನಿಸಿತು. ಆ ಆಗಸ್ಟಿನ ಕಾಗದದಲ್ಲಿ ಆಕೆ ಇನ್ನೊಂದು ಮಾತು ಸೇರಿಸಿದಳು. ಈ ಇಡೀ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಚೂಪಾಗಿ ಕಾಣುವುದು ಅದೇ. ಬುದ್ಧಿಯಿಂದ ಭಾವಗಳನ್ನು ಹಿಡಿತಕ್ಕೆ ತರಬಹುದು ಅಂತೀರಿ. ಆದರೆ ಕೆಲವು ಕಾಯಿಲೆಗಳು ಯೋಚಿಸುವ ಶಕ್ತಿಯನ್ನೇ ಕಿತ್ತುಕೊಳ್ಳುತ್ತವೆ. ಇನ್ನು ಕೆಲವು ಅದನ್ನು ಕುಗ್ಗಿಸುತ್ತವೆ. ಆಗ ಏನು ಮಾಡೋದು? ಬೆಂಕಿ ಆರಿಸುವ ನೀರೇ ಬತ್ತಿದ್ದರೆ?

ಸೆಪ್ಟೆಂಬರಿನಲ್ಲಿ ಆಕೆ ಭಾವಗಳೆಂದರೆ ಏನು ಅಂತ ಸರಿಯಾಗಿ ವಿವರಿಸಿ ಅಂತ ಕೇಳಿದಳು. ಆ ಚಳಿಗಾಲದಲ್ಲಿ ಡೆಕಾರ್ಟ್ ಒಂದು ಕರಡು ಬರೆದ. ಅದೇ ಬೆಳೆದು 1649ರಲ್ಲಿ ‘ಆತ್ಮದ ಭಾವಗಳು’ ಅನ್ನುವ ಫ್ರೆಂಚ್ ಪುಸ್ತಕವಾಯಿತು. ಒಟ್ಟು 212 ಪುಟ್ಟ ಕಂಡಿಕೆಗಳು. ಅವನು ಬದುಕಿದ್ದಾಗ ಅಚ್ಚಾದ ಕೊನೆಯ ಮುಖ್ಯ ಪುಸ್ತಕ ಅದು. ಮೂಲ ಭಾವಗಳು ಆರು: ಅಚ್ಚರಿ, ಪ್ರೀತಿ, ದ್ವೇಷ, ಆಸೆ, ಖುಷಿ, ದುಃಖ. ಮಿಕ್ಕಿದ್ದೆಲ್ಲ ಇವುಗಳ ಬಗೆ ಅಥವಾ ಬೆರಕೆ. ಸಿಟ್ಟು ಕೂಡ ದ್ವೇಷದ ಒಂದು ಬಗೆ.

ಭಾವ ಹುಟ್ಟುವ ಬಗೆಯನ್ನು ಅವನು ಒಬ್ಬ ಮೆಕ್ಯಾನಿಕ್‌ನಂತೆ ವಿವರಿಸುತ್ತಾನೆ. ಎದುರಿಗೆ ಭಯಂಕರ ಪ್ರಾಣಿ ಬಂತು ಅನ್ನಿ. ಕಣ್ಣಿನಿಂದ ನರಗಳ ಮೂಲಕ ಮಿದುಳಿಗೆ ಸುದ್ದಿ ಹೋಗುತ್ತದೆ. ನರಗಳಲ್ಲಿ ಹರಿಯುವುದು ರಕ್ತದ ಅತಿ ಸೂಕ್ಷ್ಮ ಕಣಗಳು. ಅವು ಮಿದುಳಿನ ನಡುವಿನ ಒಂದು ಪುಟ್ಟ ಗ್ರಂಥಿಯನ್ನು ಅಲುಗಿಸುತ್ತವೆ. ಮನಸ್ಸು ಕೂತಿರುವುದು ಅಲ್ಲೇ. ಆ ಅಲುಗಾಟವೇ ಮನಸ್ಸಿಗೆ ಹೆದರಿಕೆಯಾಗಿ ಕಾಣುತ್ತದೆ. ಅದೇ ಹೊತ್ತಿಗೆ ಅದೇ ಕಣಗಳು ಕಾಲಿನ ಕಡೆ ಹರಿದು ಓಡಲು ಸಿದ್ಧ ಮಾಡುತ್ತವೆ. ಈಗ ನಮಗೆ ಗೊತ್ತು, ಆ ಪೀನಿಯಲ್ ಗ್ರಂಥಿಯ ಕೆಲಸ ನಿದ್ದೆಗೆ ಬೇಕಾದ ಮೆಲಟೋನಿನ್ ಒಸರುವುದು. ಅಂಗರಚನೆಯಲ್ಲಿ ಡೆಕಾರ್ಟ್ ಎಡವಿದ. ಆದರೆ ಹೆದರಿಕೆ ಅನ್ನುವುದು ಬರೀ ತಪ್ಪು ತೀರ್ಮಾನ ಅಲ್ಲ, ಅದು ಎದೆ, ಕಾಲು, ರಕ್ತ ಎಲ್ಲ ಸೇರಿ ನಡೆಸುವ ಕೆಲಸ ಅಂದಿದ್ದು ದೊಡ್ಡ ಬದಲಾವಣೆ. ಭಾವಗಳು ಸ್ವಭಾವತಃ ಒಳ್ಳೆಯವೇ, ಅತಿಯಾದಾಗಷ್ಟೇ ತೊಂದರೆ ಅಂತಲೂ ಹೇಳಿದ. ಸೆನೆಕಾ ಇದನ್ನು ಒಪ್ಪುತ್ತಿರಲಿಲ್ಲ.

ಹಾಗಾದರೆ ಬುದ್ಧಿಗೆ ಏನು ಕೆಲಸ? ಸಿಟ್ಟಿನಲ್ಲಿ ಎತ್ತಿದ ಕೈಯನ್ನು ಮನಸ್ಸು ತಡೆಯಬಹುದು. ಆದರೆ ಸಿಟ್ಟನ್ನೇ ‘ಹೋಗು’ ಅಂದರೆ ಅದು ಹೋಗುವುದಿಲ್ಲ. ಗುಡುಗಿನ ಸದ್ದು ಕೇಳಬಾರದು ಅಂತ ತೀರ್ಮಾನಿಸಿದರೆ ಕೇಳದೇ ಇರುತ್ತದೆಯೇ? ಹಾಗೆ. ಹೆದರಿಕೆ ಹೋಗಬೇಕಾದರೆ ಹೆದರಬಾರದು ಅಂದುಕೊಂಡರೆ ಸಾಲದು. ಅಪಾಯ ಅಷ್ಟೊಂದು ಇಲ್ಲ, ಓಡಿಹೋದರೆ ನಾಚಿಕೆಗೇಡು, ನಿಂತರೆ ಗೆಲುವು, ಹೀಗೆ ಒಂದೊಂದೇ ಚಿತ್ರವನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಊಟ ಬೇಡ ಅಂತ ಹಠ ಹಿಡಿದ ಮಗುವಿಗೆ ಗದರಿದರೆ ಅಳು ಜಾಸ್ತಿಯಾಗುತ್ತದೆ. ‘ಅಲ್ನೋಡು ಕಾಗೆ’ ಅಂದರೆ ಬಾಯಿ ತೆರೆಯುತ್ತದೆ. ಡೆಕಾರ್ಟ್‌ನ ಬುದ್ಧಿ ಸಾರಥಿಗಿಂತ ಹೆಚ್ಚಾಗಿ ಈ ಅಮ್ಮನ ಥರ.

ಅವನ ನೆಚ್ಚಿನ ಉದಾಹರಣೆ ಬೇಟೆನಾಯಿ. ನಾಯಿ ತನ್ನ ಪಾಡಿಗೆ ಇದ್ದರೆ ಕೌಜುಗ ಕಂಡಾಗ ಅದರತ್ತ ಓಡುತ್ತದೆ, ಬಂದೂಕಿನ ಸದ್ದಿಗೆ ಹೆದರಿ ಪರಾರಿಯಾಗುತ್ತದೆ. ಪಳಗಿಸಿದ ನಾಯಿ ಸರಿಯಾಗಿ ಉಲ್ಟಾ. ಕೌಜುಗ ಕಂಡರೆ ನಿಲ್ಲುತ್ತದೆ, ಗುಂಡಿನ ಸದ್ದಾದರೆ ಹಕ್ಕಿಯತ್ತ ಓಡುತ್ತದೆ. ಬುದ್ಧಿಯೇ ಇಲ್ಲದ ಪ್ರಾಣಿಯಲ್ಲಿ ಇಷ್ಟು ಬದಲಾವಣೆ ಸಾಧ್ಯ ಅಂದಮೇಲೆ ಮನುಷ್ಯನಲ್ಲಿ ಯಾಕೆ ಆಗಬಾರದು ಅನ್ನುವುದು ಅವನ ವಾದ. ಎಷ್ಟೇ ದುರ್ಬಲ ಮನಸ್ಸಾದರೂ ಸರಿಯಾಗಿ ಪಳಗಿಸಿದರೆ ಭಾವಗಳ ಮೇಲೆ ಪೂರ್ತಿ ಹಿಡಿತ ಪಡೆಯಬಲ್ಲದು ಅಂತ ಅಲ್ಲೇ ಬರೆದುಬಿಟ್ಟ.

ಸ್ವಂತ ಅನುಭವವೂ ಒಂದಿತ್ತು. 1647ರ ಒಂದು ಕಾಗದದಲ್ಲಿ ಗೆಳೆಯ ಶಾನುಗೆ ಹೇಳಿಕೊಂಡಿದ್ದಾನೆ. ಚಿಕ್ಕವನಿದ್ದಾಗ ತನ್ನದೇ ವಯಸ್ಸಿನ ಒಬ್ಬ ಹುಡುಗಿಯ ಮೇಲೆ ಅವನಿಗೆ ಪ್ರೀತಿ ಇತ್ತು. ಅವಳಿಗೆ ಸ್ವಲ್ಪ ಮೆಳ್ಳಗಣ್ಣು. ಆಮೇಲೆ ವರ್ಷಗಟ್ಟಲೆ, ಮೆಳ್ಳಗಣ್ಣಿನವರನ್ನು ಕಂಡರೆ ಸಾಕು, ಅವನ ಮನಸ್ಸು ವಾಲುತ್ತಿತ್ತು. ಕಾರಣ ಏನು ಅಂತ ಗೊತ್ತೇ ಇರಲಿಲ್ಲ. ಒಂದು ದಿನ ಕೂತು ಯೋಚಿಸಿ ಆ ಹುಡುಗಿಯ ನೆನಪಿನ ತನಕ ಹೋದ. ಅಲ್ಲಿಗೆ ಆ ಸೆಳೆತ ಬಿಟ್ಟುಹೋಯಿತಂತೆ. ಪುಸ್ತಕದ 212 ಕಂಡಿಕೆಗಳಿಗಿಂತ ನನಗೆ ಈ ಕಥೆ ಇಷ್ಟ.

ಕರಡು ಓದಿದ ಎಲಿಜಬೆತ್ 1646ರ ಏಪ್ರಿಲಿನಲ್ಲಿ ಉತ್ತರಿಸಿದಳು. ನೀವು ಹೇಳಿದ್ದು ಅರ್ಥವಾಗುತ್ತದೆ, ಮಾಡುವುದೇ ಕಷ್ಟ ಅನ್ನುವುದು ಅದರ ತಾತ್ಪರ್ಯ. ಮುಂದೆ ಏನೇನು ಬರುತ್ತದೆ ಅಂತ ಮೊದಲೇ ಪಟ್ಟಿ ಮಾಡಿ ಮನಸ್ಸನ್ನು ಪಳಗಿಸೋದು ಹೇಗೆ? ಬೇಟೆನಾಯಿಗೆ ಕೌಜುಗ ಬರುತ್ತದೆ ಅಂತ ಗೊತ್ತು. ಆಕೆಗೆ ಮೂರು ವರ್ಷದ ನಂತರ ಏನು ಬರಲಿದೆ ಅಂತ ಗೊತ್ತಿರಲಿಲ್ಲ. 1649ರ ಜನವರಿಯಲ್ಲಿ ಆಕೆಯ ಸೋದರಮಾವ, ಇಂಗ್ಲೆಂಡಿನ ರಾಜ ಮೊದಲನೇ ಚಾರ್ಲ್ಸ್‌ನ ತಲೆ ತೆಗೆದರು. ಮರುವರ್ಷ ಫೆಬ್ರವರಿಯಲ್ಲಿ ಡೆಕಾರ್ಟ್ ಸ್ಟಾಕ್‌ಹೋಮಿನಲ್ಲಿ ತೀರಿಕೊಂಡ.

ಇಂಗ್ಲೆಂಡಿನ ಥಾಮಸ್ ಹಾಬ್ಸ್ 1651ರ ‘ಲೆವಯಥನ್’ನಲ್ಲಿ ಈ ಸಮಸ್ಯೆಯನ್ನು ಒಂದೇ ಏಟಿಗೆ ಮುಗಿಸುತ್ತಾನೆ. ಯೋಚನೆಗಳು ಆಸೆಗಳ ಬೇಹುಗಾರರು, ಬೇಕಾದ್ದು ಎಲ್ಲಿದೆ ಅಂತ ಹುಡುಕಿ ಬರುವುದಷ್ಟೇ ಅವುಗಳ ಕೆಲಸ ಅಂತ. ಎಂಥ ಒಳ್ಳೇ ಸಾಲು! ಆದರೆ ಅದನ್ನು ಪೂರ್ತಿಯಾಗಿ ಬಿಡಿಸಿ ನೋಡಿದವರು ಬೇರೆಯವರು.

ಅವರಲ್ಲಿ ಮೊದಲನೆಯವನು ಸ್ಪಿನೋಜಾ. ಆಮ್‌ಸ್ಟರ್‌ಡ್ಯಾಮಿನ ಯಹೂದಿ ವರ್ತಕರ ಮಗ. 1656ರಲ್ಲಿ, 23ನೇ ವಯಸ್ಸಿನಲ್ಲಿ ಸಮುದಾಯ ಅವನನ್ನು ಹೊರಹಾಕಿತು. ಮಸೂರ ಉಜ್ಜಿ ಜೀವನ ಮಾಡಿದ. ಮುಖ್ಯ ಪುಸ್ತಕ ‘ಎಥಿಕ್ಸ್’ ಅಚ್ಚಾದದ್ದು 1677ರಲ್ಲಿ, ಅವನು ಸತ್ತ ಮೇಲೆ. ಅದರಲ್ಲಿ ಡೆಕಾರ್ಟ್‌ನ ಗ್ರಂಥಿಯನ್ನು ಅವನು ಚೆನ್ನಾಗಿ ಗೇಲಿ ಮಾಡುತ್ತಾನೆ. ಮನುಷ್ಯನನ್ನು ಪ್ರಕೃತಿಯ ಒಳಗೇ ಇನ್ನೊಂದು ಸಾಮ್ರಾಜ್ಯ ಅನ್ನುವಂತೆ ನೋಡಬೇಡಿ ಅಂತಾನೆ. ಸಿಟ್ಟು, ಹೊಟ್ಟೆಕಿಚ್ಚುಗಳಿಗೆ ಬೈಯುವುದು ಬೇಡ. ರೇಖೆ, ಸಮತಲಗಳ ಬಗ್ಗೆ ಮಾತಾಡುವ ಹಾಗೆಯೇ ಅವುಗಳ ಬಗ್ಗೆಯೂ ಮಾತಾಡುತ್ತೇನೆ ಅಂತಾನೆ.

ಇಲ್ಲಿ ನಮ್ಮ ವ್ಯಾಕರಣಕ್ಕೂ ಒಂದು ಪೆಟ್ಟು ಬೀಳುತ್ತದೆ. ಹಾಲು ಬೇಕೆನ್ನುವ ಕೂಸು ಅದನ್ನು ತಾನೇ ಸ್ವತಂತ್ರವಾಗಿ ಬಯಸುತ್ತಿದ್ದೇನೆ ಅಂದುಕೊಳ್ಳುತ್ತದೆ. ಸಿಟ್ಟಿಗೆದ್ದ ಹುಡುಗ ಸೇಡು ತನ್ನದೇ ತೀರ್ಮಾನ ಅಂದುಕೊಳ್ಳುತ್ತಾನೆ. ಕುಡಿದವನು ಬಾಯಿಗೆ ಬಂದದ್ದನ್ನು ಆಡುತ್ತಾ ತಾನು ಬೇಕೆಂದೇ ಆಡುತ್ತಿದ್ದೇನೆ ಅಂದುಕೊಳ್ಳುತ್ತಾನೆ. ಅಂದರೆ ‘ನಾನು ಮಾಡಿದೆ’ ಅಂತ ನಾವು ಹೇಳುವ ಎಷ್ಟೋ ಕಡೆ ‘ನನಗೆ ಆಯಿತು’ ಅನ್ನಬೇಕು. ಕೆಲಸ ನಮಗೆ ಗೊತ್ತು, ಅದರ ಕಾರಣ ಗೊತ್ತಿಲ್ಲ.

ಹಾಗಾದರೆ ತಿಳಿವಳಿಕೆ ಬಂದರೆ ಭಾವ ಹೋಗುತ್ತದೆಯೇ? ತಕ್ಷಣಕ್ಕೆ ಇಲ್ಲ. ಸೂರ್ಯ ನಮಗೆ ಸುಮಾರು 200 ಅಡಿ ದೂರದಲ್ಲಿ ಇದ್ದ ಹಾಗೆ ಕಾಣುತ್ತಾನೆ ಅಂತ ಸ್ಪಿನೋಜಾ ಬರೆಯುತ್ತಾನೆ. ನಿಜವಾದ ದೂರ ತಿಳಿದ ಮೇಲೂ ಹಾಗೇ ಕಾಣುತ್ತಾನೆ. ತಪ್ಪು ಹೋಯಿತು, ಕಾಣುವ ರೀತಿ ಹೋಗಲಿಲ್ಲ. ನನಗೆ ಲಿಫ್ಟ್ ಅಂದರೆ ಹೆದರಿಕೆ. ಎಷ್ಟು ಹಗ್ಗ ಇರುತ್ತದೆ, ಒಂದು ತುಂಡಾದರೆ ಬ್ರೇಕ್ ಹೇಗೆ ಹಿಡಿಯುತ್ತದೆ, ಎಲ್ಲ ಓದಿಕೊಂಡಿದ್ದೇನೆ. ಬಾಗಿಲು ಮುಚ್ಚಿದ ತಕ್ಷಣ ಅಂಗೈ ಬೆವರುತ್ತದೆ. ಓದಿದ್ದೆಲ್ಲ ನೆನಪಿದೆ, ಬೆವರೂ ಇದೆ.

ಇದಕ್ಕೆ ಸ್ಪಿನೋಜಾ ಕೊಡುವ ಕಾರಣ ಎಥಿಕ್ಸ್‌ನ ನಾಲ್ಕನೇ ಭಾಗದ ಏಳನೇ ಸೂತ್ರ. ಒಂದು ಭಾವವನ್ನು ತಡೆಯಲು ಅದಕ್ಕೆ ವಿರುದ್ಧವಾದ, ಅದಕ್ಕಿಂತ ಬಲವಾದ ಇನ್ನೊಂದು ಭಾವಕ್ಕೆ ಮಾತ್ರ ಸಾಧ್ಯ. ನಾವು ಹೇಳುವುದಿಲ್ವಾ, ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಅಂತ. ಒಳ್ಳೆಯದು ಯಾವುದು ಅಂತ ಗೊತ್ತಿರುವುದು ಬರೀ ಸತ್ಯವಾಗಿ ಏನನ್ನೂ ತಡೆಯುವುದಿಲ್ಲ. ಆ ಅರಿವೇ ಒಂದು ಭಾವವಾಗಿ ಒಳಗೆ ಇಳಿದಾಗ ಮಾತ್ರ ಅದಕ್ಕೆ ಬಲ ಬರುತ್ತದೆ. ಸಿಗರೇಟು ಪ್ಯಾಕೆಟ್ಟಿನ ಮೇಲಿನ ಎಚ್ಚರಿಕೆ ಓದಿ ಬಿಡದವನು ಮಗಳು ಮೂಗು ಮುಚ್ಚಿಕೊಂಡು ಪಕ್ಕಕ್ಕೆ ಸರಿದಳು ಅಂತ ಬಿಡಬಹುದು.

ಆದರೂ ಸ್ಪಿನೋಜಾಗೆ ತಿಳಿವಳಿಕೆಯ ಮೇಲೆ ಭರವಸೆ ಇತ್ತು. ಒಂದು ಭಾವದ ಕಾರಣಗಳನ್ನು ಸ್ಪಷ್ಟವಾಗಿ ಅರಿತಷ್ಟೂ ಅದು ನಮ್ಮ ಮೇಲೆ ಬಂದು ಬೀಳುವ ಸಂಗತಿಯಾಗಿ ಉಳಿಯುವುದಿಲ್ಲ. ಅರಿಯುವುದು ನಾವೇ ಮಾಡುವ ಕೆಲಸ, ಅದರಲ್ಲಿ ಒಂದು ಖುಷಿ ಇದೆ, ಆ ಖುಷಿಯೂ ಒಂದು ಭಾವವೇ. ಅದೇ ಇನ್ನೊಂದು ಮುಳ್ಳು. ‘ಬಂತು’ ಅನ್ನುವುದು ಸ್ವಲ್ಪ ಸ್ವಲ್ಪವಾಗಿ ‘ಮಾಡಿದೆ’ ಆಗುತ್ತದೆ. ಡೆಕಾರ್ಟ್‌ನ ಮೆಳ್ಳಗಣ್ಣಿನ ಕಥೆಗೆ ಡೆಕಾರ್ಟ್‌ಗಿಂತ ಚೆನ್ನಾಗಿ ಹೊಂದುವುದು ಸ್ಪಿನೋಜಾನ ಈ ವಿವರಣೆ ಅಂತ ನನ್ನ ಲೆಕ್ಕ.

ಅವನ ಬದುಕಿನದೇ ಒಂದು ಘಟನೆ ಇದೆ. 1672ರ ಆಗಸ್ಟಿನಲ್ಲಿ ಹೇಗ್ ನಗರದ ಜನ ಡಿ ವಿಟ್ ಸೋದರರನ್ನು, ದೇಶ ನಡೆಸಿದ ರಾಜಕಾರಣಿಗಳನ್ನು, ಬೀದಿಯಲ್ಲಿ ಕೊಂದು ಹೆಣಗಳನ್ನು ಛಿದ್ರ ಮಾಡಿದರು. ಸ್ಪಿನೋಜಾ ಅದೇ ಊರಿನಲ್ಲಿದ್ದ. ರಾತ್ರಿ ಹೋಗಿ ‘ಅನಾಗರಿಕರಲ್ಲೇ ಕಡೆಯವರು’ ಅಂತ ಬರೆದ ಹಲಗೆಯನ್ನು ಕೊಲೆಯಾದ ಜಾಗದ ಹತ್ತಿರ ನಿಲ್ಲಿಸಲು ಹೊರಟ. ಮನೆ ಮಾಲೀಕ ಬಾಗಿಲಿಗೆ ಬೀಗ ಹಾಕಿ ತಡೆದ. ಹೋಗಿದ್ದರೆ ಇವನನ್ನೂ ಸಿಗಿದು ಹಾಕುತ್ತಿದ್ದರು. ಇದನ್ನು ಸ್ಪಿನೋಜಾನೇ ತನಗೆ ಹೇಳಿದ ಅಂತ ಜರ್ಮನ್ ತತ್ವಜ್ಞಾನಿ ಲೈಬ್ನಿಟ್ಸ್ ಬರೆದಿಟ್ಟಿದ್ದಾನೆ. ಸಿಟ್ಟನ್ನು ರೇಖಾಗಣಿತದ ಹಾಗೆ ನೋಡಿದವನಿಗೂ ಸಿಟ್ಟು ಬಂತು. ತಡೆದದ್ದು ಬೀಗ.

ಇನ್ನೊಬ್ಬ ಪೇಶೆಂಟ್ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್, ಹುಟ್ಟಿದ್ದು 1711ರಲ್ಲಿ. ಹದಿಹರೆಯದ ಕೊನೆಯಲ್ಲಿ ಸಿಸೆರೋ, ಸೆನೆಕಾ, ಪ್ಲುಟಾರ್ಕ್ ಓದಿ ತಲೆಗೆ ಹತ್ತಿಸಿಕೊಂಡ. ಸಾವು, ಬಡತನ, ಅವಮಾನ, ನೋವು ಯಾವುದು ಬಂದರೂ ಅಲುಗಬಾರದು ಅಂತ ದಿನಾ ಮನಸ್ಸಿಗೆ ಪಾಠ ಹೇಳಿಕೊಂಡ. ಆರೋಗ್ಯ ಕೆಟ್ಟಿತು. 1734ರಲ್ಲಿ ಒಬ್ಬ ವೈದ್ಯನಿಗೆ ಬರೆದ ಉದ್ದನೆಯ ಕಾಗದದಲ್ಲಿ ಇದನ್ನೆಲ್ಲ ಹೇಳಿಕೊಂಡಿದ್ದಾನೆ. ಕೆಲಸ ಕಾರ್ಯದ ಬದುಕಿನ ಜೊತೆಗೆ ಇಂಥ ಚಿಂತನೆ ಸರಿ, ಒಬ್ಬನೇ ಕೂತಾಗ ಅದು ಇರುವ ಕಸುವನ್ನೂ ಹೀರುತ್ತದೆ, ಗಾಳಿಗೆ ಗುದ್ದಿದ ಹಾಗೆ ಅಂತ. ಊರಿನ ವೈದ್ಯರು ಕೊಟ್ಟಿದ್ದ ಚಿಕಿತ್ಸೆ: ಕಹಿ ಔಷಧಿ, ದಿನಕ್ಕೆ ಒಂದು ಪೈಂಟ್ ಕೆಂಪು ವೈನ್, ಎಂಟು ಹತ್ತು ಮೈಲಿ ಕುದುರೆ ಸವಾರಿ. ಎಲಿಜಬೆತ್‌ಗೆ ಕೆಲಸ ಮಾಡದ ಸೆನೆಕಾ ಮದ್ದು ಇಲ್ಲಿ ಕಾಯಿಲೆಯನ್ನೇ ತಂದಿತ್ತು.

ಆಮೇಲೆ ಅವನು ಫ್ರಾನ್ಸಿನ ಲಾ ಫ್ಲೆಶ್‌ಗೆ ಹೋಗಿ ತನ್ನ ದೊಡ್ಡ ಪುಸ್ತಕ ಬರೆದ. ಡೆಕಾರ್ಟ್ ಹುಡುಗನಾಗಿ ಓದಿದ ಊರು ಅದು. 1739 ಮತ್ತು 1740ರಲ್ಲಿ ಬಂದ ‘ಎ ಟ್ರೀಟಿಸ್ ಆಫ್ ಹ್ಯೂಮನ್ ನೇಚರ್’ನಲ್ಲಿ ಆ ಕುಖ್ಯಾತ ಸಾಲು ಇದೆ: ಬುದ್ಧಿ ಭಾವಗಳ ಗುಲಾಮ, ಹಾಗೆ ಇರುವುದೇ ಸರಿ. ಇದನ್ನು ‘ಮನಸ್ಸಿಗೆ ಬಂದ ಹಾಗೆ ನಡೆಯಿರಿ’ ಅಂತ ಓದುವವರು ಬಹಳ. ಅದು ಹ್ಯೂಮ್ ಹೇಳಿದ್ದಲ್ಲ.

ಅವನ ವಾದ ಇದು. ಬುದ್ಧಿ ಮಾಡುವ ಕೆಲಸ ಎರಡೇ. ಸಂಗತಿ ನಿಜವೋ ಸುಳ್ಳೋ ಹೇಳುತ್ತದೆ. ಬೇಕಾದ್ದನ್ನು ಪಡೆಯುವ ದಾರಿ ಹೇಳುತ್ತದೆ. ರುಚಿಯಾಗಿದೆ ಅಂತ ಒಂದು ಹಣ್ಣಿಗೆ ಆಸೆಪಟ್ಟೆ ಅನ್ನಿ. ಅದು ರುಚಿಯಿಲ್ಲ ಅಂತ ನೀವು ತೋರಿಸಿಕೊಟ್ಟರೆ ಆಸೆ ತಾನಾಗಿ ಹೋಗುತ್ತದೆ. ಇಲ್ಲಿ ಬುದ್ಧಿ ಆಸೆಯ ಜೊತೆ ಕುಸ್ತಿ ಆಡಲಿಲ್ಲ, ಸುದ್ದಿ ತಂದುಕೊಟ್ಟಿತು ಅಷ್ಟೇ. ಆದರೆ ರುಚಿಯನ್ನು ನಾನು ಯಾಕೆ ಬಯಸಬೇಕು ಅನ್ನುವುದಕ್ಕೆ ಬುದ್ಧಿಯ ಹತ್ತಿರ ಉತ್ತರ ಇಲ್ಲ. ಬೆರಳಿಗೆ ಆಗುವ ಒಂದು ಗೀರಿಗಿಂತ ಇಡೀ ಲೋಕ ಹಾಳಾಗಲಿ ಅನ್ನುವವನು ತರ್ಕದ ತಪ್ಪು ಮಾಡಿಲ್ಲ ಅಂತಾನೆ ಹ್ಯೂಮ್. ಅವನು ರಾಕ್ಷಸ ಇರಬಹುದು. ಆದರೆ ಅವನ ಲೆಕ್ಕ ತಪ್ಪಿಲ್ಲ.

ಹಾಗಾದರೆ ರಾತ್ರಿ ಹನ್ನೊಂದಕ್ಕೆ ಬಿಸಿಬಿಸಿ ಮೆಸೇಜು ಟೈಪ್ ಮಾಡಿ, ಕಳಿಸದೆ, ಬೆಳಿಗ್ಗೆ ನೋಡೋಣ ಅಂತ ಫೋನು ಕೆಳಗಿಡುತ್ತೇವಲ್ಲ, ಅದೇನು? ಅದೂ ಭಾವವೇ, ಆದರೆ ಶಾಂತವಾದದ್ದು ಅನ್ನುತ್ತಾನೆ ಹ್ಯೂಮ್. ಸಂಬಂಧ ಉಳಿಯಲಿ ಅನ್ನುವ ಆಸೆ ಸದ್ದು ಮಾಡುವುದಿಲ್ಲ, ಎದೆ ಬಡಿಸುವುದಿಲ್ಲ. ಸದ್ದಿಲ್ಲದ ಕಾರಣ ನಾವು ಅದಕ್ಕೆ ‘ಬುದ್ಧಿ’ ಅಂತ ಹೆಸರಿಡುತ್ತೇವೆ. ಜೋರು ಭಾವಕ್ಕೂ ಬಲವಾದ ಭಾವಕ್ಕೂ ವ್ಯತ್ಯಾಸ ಇದೆ. ಮನೆಯಲ್ಲಿ ಜೋರಾಗಿ ಕೂಗಾಡುವವರ ಮಾತೇ ಯಾವಾಗಲೂ ನಡೆಯುವುದಿಲ್ಲವಲ್ಲ, ಹಾಗೆ.

ಅವನು ಇನ್ನೂ ಒಂದು ಹೆಜ್ಜೆ ಇಡುತ್ತಾನೆ. ನಂಬಿಕೆ ಕೂಡ ಯೋಚಿಸುವುದಕ್ಕಿಂತ ಹೆಚ್ಚಾಗಿ ಅನಿಸುವುದಕ್ಕೆ ಸೇರಿದ್ದು ಅಂತಾನೆ. ಇಲ್ಲಿ ನಾನು ಶುರುವಿನಲ್ಲಿ ಹಾಕಿದ ಗೆರೆಯೂ ಅಳಿಸಿಹೋಗುತ್ತದೆ. ಯೋಚನೆ ನಾವು ಮಾಡುತ್ತೇವೆ ಅಂದೆ. ಆದರೆ ‘ಒಂದು ಯೋಚನೆ ಬಂತು’ ಅಂತಲೂ ಹೇಳುತ್ತೇವೆ. ‘ಯಾಕೋ ನಂಬಿಕೆ ಬರ್ತಿಲ್ಲ’ ಅನ್ನುತ್ತೇವೆ. ‘ಹಾಗನ್ನಿಸ್ತು’ ಅನ್ನುತ್ತೇವೆ. ಕನ್ನಡ ಹ್ಯೂಮ್ ಕಡೆಗೂ ಸಾಕ್ಷಿ ಹೇಳುತ್ತದೆ.

ಇಷ್ಟರಲ್ಲಿ ಎಲಿಜಬೆತ್ ಕೇಳಿದ ಪ್ರಶ್ನೆ, ಯೋಚಿಸುವ ಶಕ್ತಿಯನ್ನೇ ಕಾಯಿಲೆ ಕಿತ್ತುಕೊಂಡರೆ ಏನು ಅನ್ನುವುದು, ಸ್ಪಿನೋಜಾನ ಕಣ್ಣಿಗೂ ಬಿದ್ದಿರಲಿಲ್ಲ, ಹ್ಯೂಮ್‌ನ ಕಣ್ಣಿಗೂ ಬಿದ್ದಿರಲಿಲ್ಲ. ಡೆಕಾರ್ಟ್ ಸತ್ತ ಮೇಲೆ ಶಾನು ಆಕೆಯ ಕಾಗದಗಳನ್ನೂ ಅಚ್ಚು ಹಾಕಲು ಒಪ್ಪಿಗೆ ಕೇಳಿದ. ಆಕೆ ಒಪ್ಪಲಿಲ್ಲ. 1657ರಲ್ಲಿ ಡೆಕಾರ್ಟ್‌ನ ಕಾಗದಗಳು ಮಾತ್ರ ಹೊರಬಂದವು. ಓದುಗರಿಗೆ ಔಷಧಿ ಚೀಟಿ ಸಿಕ್ಕಿತು, ಪೇಶೆಂಟ್ ಹೇಳಿದ್ದು ಸಿಗಲಿಲ್ಲ. ಆಕೆ ಜರ್ಮನಿಯ ಹೆರ್ಫೋರ್ಡ್‌ನಲ್ಲಿ ಮಠದ ಮುಖ್ಯಸ್ಥೆಯಾಗಿ 1680ರಲ್ಲಿ ತೀರಿಕೊಂಡಳು. ಆ ಕಾಗದಗಳ ನಕಲು 19ನೇ ಶತಮಾನದಲ್ಲಿ ಸಿಕ್ಕಿತು. ಅಚ್ಚಾದದ್ದು 1879ರಲ್ಲಿ.